ಚರಗ ಚೆಲ್ಲಿದ ಹೊಲ ಯಾರ ಹೆಸರಿನಲ್ಲಿದೆ?

ಬೀದರ್ ಅಂದ ಕೂಡಲೇ ನಿಮಗೇನು ನೆನಪಾಗುತ್ತದೆ ಹೇಳಿ? ಹೈಸ್ಕೂಲಿನಲ್ಲಿ ಕರ್ನಾಟಕದ ನಕ್ಷೆ ಬರೆಯುವಾಗ ಹಾಳೆಯ ಮೇಲ್ಗಡೆ ಜಾಗ ಸಾಲದೆ ತಲೆ ಮೊಟಕಾಗಿಬಿಡುತ್ತಿದ್ದ ಜಿಲ್ಲೆ ಅದು. ನನ್ನ ಮಟ್ಟಿಗೆ ಬಹಳ ವರ್ಷ ಬೀದರ್ ಎಂದರೆ ಅಷ್ಟೇ ಆಗಿತ್ತು. ಮನೆಯ ಶೋಕೇಸಿನಲ್ಲಿ ಯಾರೋ ಉಡುಗೊರೆ ಕೊಟ್ಟ ಕಪ್ಪು ಬಿದರಿ ಡಬ್ಬಿಯೊಂದಿದೆ. ಅದನ್ನು ಹಬ್ಬಕ್ಕೊಮ್ಮೆ ಒರೆಸಿಡುವಾಗಲೂ ಆ ಊರಿಗೆ ಹೋಗಿಬರಬೇಕು ಅನ್ನಿಸಿರಲಿಲ್ಲ. ದಾವಣಗೆರೆಯವರಾದ ನಮಗೆ ಉತ್ತರದ ಪ್ರವಾಸವೆಂದರೆ ಹಂಪಿ, ಬಾದಾಮಿ, ಹೆಚ್ಚೆಂದರೆ ಗೋಳಗುಮ್ಮಟ. ಅಲ್ಲಿಂದ ಮೇಲಕ್ಕೆ ಹೋಗುವವರು ವರ್ಗವಾದ ನೌಕರರು ಮಾತ್ರ.

ಹಾಗೆ ವರ್ಗವಾಗಿ ಹೋದವರಲ್ಲಿ ನನ್ನ ನಾದಿನಿಯ ಯಜಮಾನರೂ ಒಬ್ಬರು. “ಅತ್ತಿಗೇ, ಈ ಸಲವಾದರೂ ಎಳ್ಳ ಅಮಾವಾಸ್ಯೆಗೆ ಬನ್ನಿ, ಇಲ್ಲಿ ಅದು ಬಲು ದೊಡ್ಡ ಹಬ್ಬ” ಎಂದು ನಾದಿನಿ ಎರಡು ವರ್ಷದಿಂದ ಫೋನಿನಲ್ಲಿ ಹೇಳುತ್ತಲೇ ಇದ್ದಳು. 2024ರ ಎಳ್ಳ ಅಮಾವಾಸ್ಯೆ ಡಿಸೆಂಬರ್ 30ರ ಸೋಮವಾರ ಬಿದ್ದಿತ್ತು. ಶನಿವಾರ, ಭಾನುವಾರ ಸೇರಿಸಿದರೆ ಮೂರು ದಿನ. ಮನೆಯವರಿಗೆ ಸಾರಿನ ಪುಡಿ, ಚಟ್ನಿ ಪುಡಿ ಎಲ್ಲಿದೆ ಎಂದು ತೋರಿಸಿ ಹೊರಟುಬಿಟ್ಟೆ.

ಹೊರಡುವಾಗ ಬ್ಯಾಗಿನ ತಳದಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇಟ್ಟುಕೊಂಡಿದ್ದೆ. ಅದರೊಳಗೆ ನನ್ನ ಅಣ್ಣ ಕೊಟ್ಟ ಕಾಗದ. ಜಗಳೂರು ಕಡೆ ನಮ್ಮ ಅಪ್ಪನದು ಐದೆಕರೆ ಖುಷ್ಕಿ ಜಮೀನು. ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು, ಖಾತೆ ಇನ್ನೂ ಅವರ ಹೆಸರಿನಲ್ಲೇ ಇತ್ತು. “ಖಾತೆ ನನ್ನ ಹೆಸರಿಗಾದರೆ ಸಾಲ ಸಿಗುತ್ತೆ, ಒಡ್ಡು ಹಾಕಿಸಬಹುದು. ನಿನ್ನದೊಂದು ಸಹಿ ಬೇಕಮ್ಮ” ಎಂದು ಹಕ್ಕು ಬಿಡುಗಡೆ ಪತ್ರದ ಕರಡು ತಂದುಕೊಟ್ಟಿದ್ದ. ಅಣ್ಣ ಕೆಟ್ಟವನಲ್ಲ. ನನ್ನ ಎರಡೂ ಬಾಣಂತನಕ್ಕೆ ಓಡಾಡಿದವನು. ಸಹಿ ಹಾಕಿಬಿಡುವುದು ಅಂತಲೇ ಇದ್ದೆ. ನಾದಿನಿಯ ಯಜಮಾನರಿಗೆ ಇಂಥ ಕಾಗದಪತ್ರ ಗೊತ್ತು, ಒಂದು ಸಲ ಓದಿಸಿಬಿಡೋಣ ಅಂತ ತೆಗೆದುಕೊಂಡು ಹೋದೆ, ಅಷ್ಟೇ.

ಕಲಬುರಗಿಯವರೆಗೆ ರಾತ್ರಿ ಬಸ್ಸು, ಅಲ್ಲಿಂದ ಬೀದರಿಗೆ ರೈಲು. ಈ ರೈಲುಮಾರ್ಗ ಜನ ವರ್ಷಗಟ್ಟಲೆ ಕಾದು ಕಾದು ಕೊನೆಗೆ 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದದ್ದು. ಕಿಟಕಿಯ ಹೊರಗೆ ಮೊದಲು ಕಪ್ಪು ಮಣ್ಣು, ತೊಗರಿಯ ಹೊಲ. ಕಮಲಾಪುರ ದಾಟಿ ಸುರಂಗದೊಳಗೆ ಹೊಕ್ಕು ಆಚೆ ಬಂದಮೇಲೆ ನೋಡುತ್ತಿದ್ದ ಹಾಗೆ ಮಣ್ಣಿನ ಬಣ್ಣವೇ ಬದಲಾಗುತ್ತದೆ. ಬೀದರ್ ಹತ್ತಿರ ಬಂದಾಗ ನೆಲವೆಲ್ಲ ಕುಂಕುಮ ಕಲಸಿದ ಹಾಗೆ ಕೆಂಪು.

ಕೋಟೆಯ ಬಗ್ಗೆ ಪುಸ್ತಕಗಳಲ್ಲಿ ಬೇಕಾದಷ್ಟಿದೆ, ನಾನು ಹೆಚ್ಚು ಬರೆಯುವುದಿಲ್ಲ. ಬಹಮನಿ ಸುಲ್ತಾನ ಅಹಮದ್ ಷಾ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ; ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಗೋಡೆಯಲ್ಲಿ ನೀಲಿ ಹೆಂಚಿನ ಚೂರುಗಳು ಇವತ್ತಿಗೂ ಹೊಳೆಯುತ್ತವೆ. ಆದರೆ ಕೋಟೆಯ ಸುತ್ತ ಕಡಿದಿರುವ ಮೂರು ಸಾಲಿನ ಕಂದಕವನ್ನು ಮಾತ್ರ ತಪ್ಪದೆ ನೋಡಿ. ಅದನ್ನು ಜಂಬಿಟ್ಟಿಗೆಯ ಬಂಡೆಯಲ್ಲೇ ಕಡಿದಿದ್ದಾರೆ. ಆ ಬಂಡೆ ನಮ್ಮ ಸ್ಪಂಜಿನ ಹಾಗೆ, ಮೈತುಂಬ ತೂತು. ಮಳೆನೀರು ಅದರೊಳಗೆ ಇಳಿಯುತ್ತದೆ. ಕೆಳಗೆ ಗಟ್ಟಿ ಕಪ್ಪು ಬಂಡೆ ಸಿಕ್ಕಿದ ಕೂಡಲೇ ಮುಂದೆ ಇಳಿಯಲಾರದೆ ಪಕ್ಕಕ್ಕೆ ಹರಿದು ಒರತೆಯಾಗುತ್ತದೆ. ಗುರುದ್ವಾರದ ನಾನಕ್ ಝೀರಾ, ಎದೆಮಟ್ಟದ ನೀರಿನಲ್ಲಿ ನಡೆದುಹೋಗಿ ದರ್ಶನ ಮಾಡುವ ನರಸಿಂಹ ಝರಣಿ, ಎಲ್ಲವೂ ಇಂಥ ಒರತೆಗಳೇ.

ನೌಬಾದಿನ ಸುರಂಗ ಬಾವಿಯನ್ನು ನೋಡಿದಾಗ ಇದು ಇನ್ನೂ ಚೆನ್ನಾಗಿ ಅರ್ಥವಾಯಿತು. ಕರೇಜ್ ಅಂತಲೂ ಅನ್ನುತ್ತಾರೆ. ಪರ್ಷಿಯಾ ಕಡೆಯ ವಿದ್ಯೆ. ನೆಲದಡಿಯಲ್ಲಿ ಎರಡು ಕಿಲೋಮೀಟರಿಗೂ ಉದ್ದ ಕಾಲುವೆ, ಅದಕ್ಕೆ ಅಲ್ಲಲ್ಲಿ ಮೇಲಿಂದ ಗಾಳಿ ಬೆಳಕಿಗೆ ಬಾವಿಯಂಥ ಬಾಯಿ. ಶತಮಾನಗಳಿಂದ ಹೂಳು ತುಂಬಿ ಮರೆತೇಹೋಗಿದ್ದದ್ದನ್ನು ಈಚಿನ ಹತ್ತು ವರ್ಷಗಳಲ್ಲಿ ತೆಗೆಸಿದ್ದಾರೆ. ಮೇಲಿನ ನೆಲದಲ್ಲಿ ಮಳೆ ಇಂಗಿದರೆ ಮಾತ್ರ ಕೆಳಗೆ ನೀರು. ಮೇಲೆ ಮನೆ ಕಟ್ಟಿ, ಮರ ಕಡಿದು, ಮಣ್ಣು ತೊಳೆದುಹೋಗಲು ಬಿಟ್ಟರೆ ಯಾವ ಸುಲ್ತಾನ ಬಂದರೂ ನೀರು ಕೊಡಲಾರ.

ಅವತ್ತು ಸಂಜೆ ನಾದಿನಿ ನನ್ನನ್ನು ಬಿದರಿ ಕೆಲಸದವರ ಮನೆಗೆ ಕರೆದುಕೊಂಡು ಹೋದಳು. ಸತು, ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಚಿತ್ರ ಕೊರೆದು, ಆ ಗೆರೆಯೊಳಗೆ ಬೆಳ್ಳಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆ ಗೋಡೆಯ ಮಣ್ಣನ್ನು ನವಸಾಗರದ ಜೊತೆ ಕುದಿಸಿ ಅದರಲ್ಲಿ ಅದ್ದಿದಾಗ ಸತುವೆಲ್ಲ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಮಳೆ ಬಿಸಿಲು ಕಾಣದ ಮಣ್ಣೇ ಆಗಬೇಕಂತೆ. ಮನೆಯ ಆಪಾ ಚಹಾ ಕೊಡುತ್ತಾ ಎಲ್ಲವನ್ನೂ ವಿವರಿಸಿದರು. ಮಾತು ಎಲ್ಲಿಂದೆಲ್ಲಿಗೋ ಹೋಗಿ ನನ್ನ ಬ್ಯಾಗಿನ ಕಾಗದಕ್ಕೆ ಬಂತು. “ನಮ್ಮಲ್ಲಿ ಮಗಳಿಗೆ ಮಗನ ಅರ್ಧ ಪಾಲು ಅಂತ ಕುರಾನಿನಲ್ಲೇ ಅದ. ಆದರ ಎಷ್ಟು ಮಂದಿ ತೊಗೋತಾರ್ರೀ? ತಮ್ಮಂದಿರು ಮುನಿಸಿಕೋತಾರಂತ ನಾನೂ ಬಿಟ್ಟುಕೊಟ್ಟೀನಿ” ಎಂದರು. ಅವರು ನಗುತ್ತಲೇ ಹೇಳಿದರು, ನಾನೂ ನಕ್ಕೆ. ಧರ್ಮ ಬೇರೆಯಾದರೂ ತವರಿನ ಹೆದರಿಕೆ ಒಂದೇ ನೋಡಿ.

ಮಾರನೆಯ ದಿನ ಭಾಲ್ಕಿ. ಬೀದರಿನಿಂದ ರೈಲಿನಲ್ಲಿ ಆರಾಮಾಗಿ ಹೋಗಬಹುದು. ಅಲ್ಲಿನ ಹಿರೇಮಠಕ್ಕೆ ಹೋಗಬೇಕೆಂಬುದು ನನ್ನದೇ ಆಸೆ. ನಿಜಾಮರ ಕಾಲದಲ್ಲಿ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಶಾಲೆಯ ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರೆಂದು ಕೇಳಿದ್ದೆ. ಮಠದಲ್ಲಿ ಪ್ರಸಾದಕ್ಕೆ ಜೋಳದ ರೊಟ್ಟಿ, ಪುಂಡಿ ಪಲ್ಯ. ಹೊಟ್ಟೆ ತುಂಬಾ ಉಂಡೆ.

ಮಧ್ಯಾಹ್ನ ನಾದಿನಿಗೆ ಪರಿಚಯವಿದ್ದ ಒಂದು ಮಹಿಳಾ ಸಂಘದವರ ಹತ್ತಿರ ಹೋದೆವು. ಬೀದರ್ ಜಿಲ್ಲೆ ಸ್ವಸಹಾಯ ಸಂಘಗಳಿಗೆ ಹೆಸರಾದದ್ದು. ಇಲ್ಲಿನ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕು 1990ರ ದಶಕದಲ್ಲೇ ಹೆಂಗಸರ ಗುಂಪುಗಳಿಗೆ ಸಾಲ ಕೊಡಲು ಶುರುಮಾಡಿ ಬೇರೆ ಊರಿನ ಸಹಕಾರ ಬ್ಯಾಂಕುಗಳವರು ಬಂದು ನೋಡುವಂತೆ ಮಾಡಿತು. ಅಂಗಳದಲ್ಲಿ ಹತ್ತು ಹನ್ನೆರಡು ಜನ ಕೂತಿದ್ದರು. ಸಂಘದ ಸಾಲ ನಿಮ್ಮ ಕೈಗೇ ಬರುತ್ತದಲ್ಲ, ಬೆಳೆ ಸಾಲ ಯಾರ ಕೈಗೆ ಬರುತ್ತೆ ಅಂತ ಕೇಳಿದೆ. ಎಲ್ಲರೂ ಒಟ್ಟಿಗೇ ಹೇಳಿದರು, “ಪಹಣ್ಯಾಗ ಯಾರ ಹೆಸರು ಅದ, ಅವರ ಕೈಗೆ.”

ಅವರಲ್ಲಿ ಒಬ್ಬಾಕೆ ಮಾತ್ರ ಸುಮ್ಮನೆ ನಗುತ್ತಿದ್ದಳು. ಆಕೆಯದು ಎರಡೆಕರೆ, ಆಕೆಯ ಹೆಸರಿನಲ್ಲೇ. ಹೇಗೆ ಅಂತೀರಾ? ಸರ್ಕಾರದ್ದು ‘ಭೂ ಒಡೆತನ’ ಅಂತ ಒಂದು ಯೋಜನೆ ಇದೆ. ಪರಿಶಿಷ್ಟ ಜಾತಿ, ಪಂಗಡದ ಭೂಮಿಯಿಲ್ಲದ ಕೃಷಿ ಕೂಲಿ ಕುಟುಂಬಕ್ಕೆ ನಿಗಮದವರು ಜಮೀನು ಕೊಂಡುಕೊಡುತ್ತಾರೆ, ನೋಂದಣಿ ಮಾತ್ರ ಮನೆಯ ಹೆಂಗಸಿನ ಹೆಸರಿಗೆ. ಅರ್ಧ ಸಹಾಯಧನ, ಇನ್ನರ್ಧ ಸಾಲ. ಆಕೆಗೆ ಸಿಕ್ಕಿದ್ದು ಕಲ್ಲುನೆಲ. ಮಾರುವವರು ಒಳ್ಳೆ ಹೊಲ ಯಾಕೆ ಮಾರುತ್ತಾರೆ ಹೇಳಿ! ಅವಳೂ ಗಂಡನೂ ಮಕ್ಕಳೂ ಮೂರು ಬೇಸಿಗೆ ಕಲ್ಲು ಆರಿಸಿ, ಆ ಕಲ್ಲನ್ನೇ ಇಳಿಜಾರಿಗೆ ಅಡ್ಡವಾಗಿ ಒಡ್ಡಾಗಿ ಜೋಡಿಸಿದರು. ಒಡ್ಡಿನ ಹಿಂದೆ ಮಳೆಗಾಲದಲ್ಲಿ ಮಣ್ಣು ನಿಂತಿತು. ಅಲ್ಲಿ ಈಗ ಮಾವಿನ ಗಿಡ ಇಟ್ಟಿದ್ದಾಳೆ.

“ಅದಕ್ಕ ಮೊದ್ಲು ಇಪ್ಪತ್ತು ವರ್ಷ ಮಂದಿ ಹೊಲದಾಗ ದುಡದೀನ್ರಿ. ಒಂದ್ ಗಿಡ ಹಚ್ಚಿಲ್ಲ” ಎಂದಳು. ಯಾಕೆ ಹಚ್ಚಲಿಲ್ಲ ಅಂದೆ. ಆಕೆ ನನ್ನನ್ನು ಪಾಪ, ಪಟ್ಟಣದಾಕಿ ಎಂಬಂತೆ ನೋಡಿ, “ಮಾವು ಕಾಯಿ ಬಿಡ್ಲಾಕ ಐದಾರು ವರ್ಷ ಬೇಕಲ್ರಿ ಅಕ್ಕಾ. ಮುಂದಿನ ವರ್ಷ ಆ ಹೊಲದಾಗ ನಾ ಇರ್ತೀನೋ ಇಲ್ಲೋ, ಯಾರಿಗ್ಗೊತ್ತು?” ಎಂದಳು.

ಆ ಮಾತು ರಾತ್ರಿಯವರೆಗೂ ತಲೆಯಲ್ಲಿ ಇತ್ತು. ನಮ್ಮ ಕಡೆ ಬಾಡಿಗೆ ಮನೆಯಲ್ಲಿ ಇರುವವರು ತೆಂಗಿನ ಸಸಿ ನೆಡುವುದಿಲ್ಲ, ಕೊತ್ತಂಬರಿ ಬಿತ್ತುತ್ತಾರೆ. ಹೊಲಕ್ಕೂ ಅದೇ ಲೆಕ್ಕ ಅಂತ ನನಗೆ ಹೊಳೆದೇ ಇರಲಿಲ್ಲ.

ಇನ್ನು ಹಬ್ಬದ ದಿನ. ನಾದಿನಿಯ ಪಕ್ಕದ ಮನೆಯವರ ಊರು ಔರಾದ್ ತಾಲ್ಲೂಕಿನಲ್ಲಿ. ಅಲ್ಲಿ ಅವರ ಅಕ್ಕನ ಹೊಲಕ್ಕೆ ನಮ್ಮೆಲ್ಲರಿಗೂ ಕರೆಯಿತ್ತು. ಬೆಳಿಗ್ಗೆಯೇ ಬೀದರಿನಿಂದ ಹೊರಟು, ಕೌಠಾ ಹತ್ತಿರ ಮಾಂಜ್ರಾ ನದಿಯ ಸೇತುವೆ ದಾಟಿದೆವು. ಔರಾದ್ ಕರ್ನಾಟಕದ ತುತ್ತತುದಿ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಸಂತೆಯಲ್ಲಿ ನಿಂತರೆ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ರಸ್ತೆಯಲ್ಲಿ ಎದುರಾದ ಬಂಡಿಗಳಿಗೆ ಕಪ್ಪು ಬಿಳುಪಿನ ದೊಡ್ಡ ದೇವಣಿ ಎತ್ತುಗಳು. ಬಂಡಿ, ಟ್ರಾಕ್ಟರು, ಮೋಟಾರ್ ಸೈಕಲ್ಲು, ಎಲ್ಲದರಲ್ಲೂ ಬುಟ್ಟಿ ಹೊತ್ತ ಹೆಂಗಸರು, ಮಕ್ಕಳು. ಊರಿಗೆ ಊರೇ ಮನೆ ಬಾಗಿಲು ಹಾಕಿಕೊಂಡು ಹೊಲಕ್ಕೆ ನಡೆದಿತ್ತು.

ಹಬ್ಬ ಹೇಗೆ ಅಂದರೆ, ಈ ಹೊತ್ತಿಗೆ ಜೋಳ, ಕಡಲೆ, ಕುಸುಬೆ ಬೆಳೆದು ನಿಂತಿರುತ್ತವೆ. ಭೂಮಿತಾಯಿ ಬಸುರಿ ಎಂದು ಭಾವಿಸಿ ಆಕೆಗೆ ಸೀಮಂತ ಮಾಡುವುದು. ಜೋಳದ ದಂಟಿನಿಂದ ಪುಟ್ಟ ಗುಡಿಸಲು ಕಟ್ಟಿ, ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಇಟ್ಟು, ಲಕ್ಷ್ಮಿಯನ್ನು ಕೂರಿಸಿ ಪೂಜೆ. ಆಮೇಲೆ ತಂದ ಅಡಿಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ ಹೊಲದ ಸುತ್ತ ಎರಚುತ್ತಾ ಹೋಗುವುದು. ಅದೇ ಚರಗ ಚೆಲ್ಲುವುದು.

ಅಡಿಗೆಯ ವಿಷಯ ಬಿಟ್ಟರೆ ನೀವು ಸುಮ್ಮನಿರುತ್ತೀರಾ! ಮುಖ್ಯವಾದದ್ದು ಭಜ್ಜಿ. ಎಣ್ಣೆಯಲ್ಲಿ ಕರಿಯುವ ಬಜ್ಜಿ ಅಲ್ಲ, ಇದು ಪಲ್ಯ. ಹಸಿ ತೊಗರಿಕಾಳು, ಹಸಿ ಕಡಲೆ, ಬಟಾಣಿ, ಅವರೆ, ಶೇಂಗಾ, ಬದನೆ, ಗಜ್ಜರಿ, ಮೆಂತ್ಯ, ಪಾಲಕ್, ಈರುಳ್ಳಿ ಸೊಪ್ಪು, ಆ ಹೊತ್ತಿಗೆ ಹೊಲದಲ್ಲಿ ಏನೇನು ಸಿಗುತ್ತೋ ಎಲ್ಲ ಬೇಯಿಸಿ, ಹುಣಸೆರಸ ಹಾಕಿ, ನೀರಲ್ಲಿ ಕದಡಿದ ಕಡಲೆಹಿಟ್ಟು ಬಿಟ್ಟು ಗಟ್ಟಿಯಾಗುವವರೆಗೆ ತಿರುವಬೇಕು. ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯ ಒಗ್ಗರಣೆ ಧಾರಾಳವಾಗಿರಲಿ. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಹಿಂದಿನ ದಿನವೇ ಕಾಸಿ ಹುಳಿ ಬರಿಸಿದ ಜೋಳದ ಅಂಬಲಿ. ಇಷ್ಟನ್ನೂ ಮಾಡಲು ಹೊಲದೊಡತಿ ರಾತ್ರಿ ಎರಡು ಗಂಟೆಗೇ ಎದ್ದಿದ್ದರಂತೆ.

ಹೊಲದೊಡತಿ ಎಂದು ಬರೆದೆ. ಆ ಅಕ್ಕನಿಗೆ ಆ ಹೆಸರು ಬರಲು ಎಷ್ಟು ದಿನ ಹಿಡಿಯಿತು ಎನ್ನುವುದನ್ನೇ ನಿಮಗೆ ಹೇಳಬೇಕಾಗಿರುವುದು.

ವಯಸ್ಸು ಐವತ್ತರ ಹತ್ತಿರ. ಗಂಡ ಹೋಗಿ ಹದಿನಾಲ್ಕು ವರ್ಷ. ನಾಲ್ಕೆಕರೆ ಹೊಲ ಇಳಿಜಾರಿನಲ್ಲಿದೆ, ಮೇಲ್ಗಡೆ ಮೊರಮು, ಕೆಳಗಡೆ ಕಪ್ಪು ಮಣ್ಣು. ಜೋರು ಮಳೆ ಬಂದಾಗಲೆಲ್ಲ ಮೇಲಿನ ಮಣ್ಣು ಕೊಚ್ಚಿ ಹಳ್ಳಕ್ಕೆ ಹೋಗುತ್ತಿತ್ತು, ಬಿತ್ತಿದ ಬೀಜದ ಸಮೇತ. ಊರಿನಲ್ಲಿ ಜಲಾನಯನದ ಕೆಲಸ ಬಂತು. ಉದ್ಯೋಗ ಖಾತ್ರಿಯಲ್ಲೂ ಒಡ್ಡಿನ ಕೆಲಸ ಬಂತು. ಇವರು ಊರವರ ಹೊಲಕ್ಕೆಲ್ಲ ಹೋಗಿ ಒಡ್ಡು ಹಾಕಿದರು, ಕಂದಕ ತೋಡಿದರು. ಕೂಲಿ ಚೆನ್ನಾಗಿಯೇ ಸಿಗುತ್ತಿತ್ತು. ಖಾತ್ರಿ ಕೆಲಸದಲ್ಲಿ ಗಂಡಸರಿಗೂ ಹೆಂಗಸರಿಗೂ ಒಂದೇ ಕೂಲಿ, 2024–25ರಲ್ಲಿ ನಮ್ಮ ರಾಜ್ಯದಲ್ಲಿ ದಿನಕ್ಕೆ 349 ರೂಪಾಯಿ ಇತ್ತು. ಬೇರೆಯವರ ಹೊಲದ ಕೂಲಿಗೆ ಹೋದರೆ ಈ ಸಮಾನತೆ ಇಲ್ಲ ಎನ್ನುವುದು ನಿಮಗೂ ಗೊತ್ತು.

“ಮಂದಿ ಹೊಲಕ್ಕೆಲ್ಲಾ ಒಡ್ಡ ಹಾಕ್ದೆವ್ರಿ. ನನ್ ಹೊಲಕ್ಕ ಹಾಕ್ರಿ ಅಂದ್ರ, ಪಹಣಿ ತೊಗೊಂಡ್ ಬಾ ಅಂದ್ರು. ಪಹಣಿ ನೋಡಿದ್ರ ನಮ್ಮ ಮಾವನ ಹೆಸರ ಅದ. ಮಾವ ಸತ್ತು ಇಪ್ಪತ್ತು ವರ್ಷ ಆಗ್ಯಾವ” ಎಂದರು ಅಕ್ಕ, ಕಡುಬು ಬಡಿಸುತ್ತಾ.

ಪಹಣಿ ಎಂದರೆ ನಿಮ್ಮಲ್ಲಿ ಕೆಲವರು ಉತಾರ ಎನ್ನುತ್ತೀರಿ. 2000ದಿಂದೀಚೆಗೆ ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರಿಗೆ ಹೋಗಿದೆ. ಒಂಬತ್ತನೇ ಕಾಲಮ್ಮಿನಲ್ಲಿ ಜಮೀನು ಯಾರದು ಎಂದು ಇರುತ್ತದೆ, ಹನ್ನೆರಡರಲ್ಲಿ ಸಾಗುವಳಿ ಯಾರದು ಎಂದು. ಬೆಳೆ ಸಾಲ, ಬೆಳೆ ವಿಮೆ, ಕೇಂದ್ರದಿಂದ ವರ್ಷಕ್ಕೆ 6000 ರೂಪಾಯಿ ಬರುವ ಕಿಸಾನ್ ಸಮ್ಮಾನ್, ಕೃಷಿ ಹೊಂಡದ ಸಹಾಯಧನ, ಯಾವುದಕ್ಕೆ ಹೋದರೂ ಮೊದಲು ಕೇಳುವುದು ಆ ಒಂಬತ್ತನೇ ಕಾಲಮ್ಮು. ವಿಶ್ವಬ್ಯಾಂಕಿನ ನೆರವಿನಿಂದ 2019ರವರೆಗೆ ನಡೆದ ಸುಜಲ–3 ಜಲಾನಯನ ಯೋಜನೆಯ ಜಿಲ್ಲೆಗಳಲ್ಲಿ ಬೀದರವೂ ಒಂದು, ನಮ್ಮ ದಾವಣಗೆರೆಯೂ ಒಂದು. ವಿಜ್ಞಾನಿಗಳು ಸರ್ವೆ ನಂಬರ್ ಲೆಕ್ಕದಲ್ಲಿ ಮಣ್ಣಿನ ಆಳ, ಇಳಿಜಾರು, ಸತ್ವ ಎಲ್ಲ ಪರೀಕ್ಷಿಸಿ ಯಾವ ಹೊಲಕ್ಕೆ ಯಾವ ಬೆಳೆ ಎಂದು ಕಾರ್ಡು ಮಾಡಿ ರೈತರಿಗೆ ಕೊಟ್ಟರು. ಬಹಳ ಒಳ್ಳೆಯ ಕೆಲಸ. ಆದರೆ ಮಣ್ಣಿನ ಆಳ ಅಳೆದಷ್ಟು ಜಾಗ್ರತೆಯಿಂದ ಆ ಮಣ್ಣಿನಲ್ಲಿ ಯಾರು ಗೇಯುತ್ತಿದ್ದಾರೆ ಅಂತ ಎಲ್ಲೂ ಬರೆದುಕೊಳ್ಳುವುದಿಲ್ಲವಲ್ಲ ಎಂದು ನನಗೆ ಅನ್ನಿಸಿತು.

ಅಕ್ಕನ ಮೈದುನ ಮೊದಲು ಒಪ್ಪಲಿಲ್ಲ. ಹೆಂಗಸಿನ ಹೆಸರಿಗೆ ಹೊಲ ಹಾಕಿದರೆ ನಾಳೆ ತವರಿನವರಿಗೆ ಬರೆದುಕೊಟ್ಟಾಳು ಎಂದು ಹೆದರಿಕೆ. ಇವರು ಮರಣ ಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಎಷ್ಟು ಸಲ ಅಲೆದರೋ ಲೆಕ್ಕವಿಲ್ಲ. ಒಂದು ಸಲ ಕೂಲಿ ಬಿಟ್ಟು ಹೋದರೆ ಸರ್ವರ್ ಇಲ್ಲ, ಇನ್ನೊಂದು ಸಲ ಸಾಹೇಬರಿಲ್ಲ. ಕೊನೆಗೆ ಊರಿನ ಹಿರಿಯರನ್ನು ಕೂರಿಸಿ ಮಾತಾಡಿ ಮೈದುನನ ಪಾಲು ಬೇರೆ ಮಾಡಿ, ಈ ನಾಲ್ಕೆಕರೆಗೆ ತಮ್ಮ ಹೆಸರು, ಮಗನ ಹೆಸರು, ಮದುವೆಯಾದ ಮಗಳ ಹೆಸರು ಮೂರನ್ನೂ ಜಂಟಿಯಾಗಿ ಹಾಕಿಸಿದರು. ಮರುವರ್ಷವೇ ಒಡ್ಡು ಬಿತ್ತು. ಕೆಳಮೂಲೆಯಲ್ಲಿ ಕೃಷಿ ಹೊಂಡ ಆಯಿತು. ಒಡ್ಡಿನ ಮೇಲೆ ಸೀತಾಫಲ, ಹುಣಸೆ, ಬೇವು. ಹುಣಸೆ ಇನ್ನೂ ಮೊಣಕಾಲೆತ್ತರ. ಫಲ ಕೊಡುವಾಗ ನಾನಿರ್ತೀನೋ ಇಲ್ಲೋ ಅಂತ ಅಕ್ಕ ಹೇಳಲಿಲ್ಲ; ಮೊಮ್ಮಗಳಿಗೆ ಆಗ್ತದ ಅಂದರು.

ಪಕ್ಕದ ಹೊಲದ ಒಡ್ಡಿನ ಮೇಲೆ ಇನ್ನೊಬ್ಬ ಹೆಂಗಸು ಕೂತಿದ್ದಳು. ಅಕ್ಕ ಕರೆದು ಊಟಕ್ಕೆ ಕೂರಿಸಿದರು. ಹಬ್ಬಕ್ಕೆ ಆಕೆಗೆ ಚರಗ ಚೆಲ್ಲಲು ಹೊಲವಿಲ್ಲ. ಬೀಳುಬಿದ್ದ ಒಂದೂವರೆ ಎಕರೆಯನ್ನು ಪಾಲಿಗೆ ಮಾಡಿ, ನಾಲ್ಕು ವರ್ಷ ಕಲ್ಲು ಆರಿಸಿ, ತಲೆಯ ಮೇಲೆ ತಿಪ್ಪೆಗೊಬ್ಬರ ಹೊತ್ತು ಹಾಕಿದ್ದಳಂತೆ. ಐದನೇ ವರ್ಷ ಹೆಸರು, ಉದ್ದು ಚೆನ್ನಾಗಿ ಬಂದದ್ದು ನೋಡಿ ಹೊಲದವರು, ಇನ್ನು ನಾವೇ ಮಾಡ್ಕೋತೀವಿ ಎಂದರು. ಕಾಗದವಿಲ್ಲ, ಪತ್ರವಿಲ್ಲ. ಇರಲು ಸಾಧ್ಯವೂ ಇಲ್ಲ. 1974ರ ಭೂಸುಧಾರಣೆಯ ನಂತರ ನಮ್ಮ ರಾಜ್ಯದಲ್ಲಿ ಸೈನಿಕರಂಥ ಕೆಲವರನ್ನು ಬಿಟ್ಟರೆ ಜಮೀನನ್ನು ಗೇಣಿಗೆ ಕೊಡುವುದಕ್ಕೇ ಕಾನೂನಿನಲ್ಲಿ ಅವಕಾಶವಿಲ್ಲ. ಗೇಣಿದಾರರನ್ನು ಕಾಪಾಡಲೆಂದೇ ಬಂದ ಕಾನೂನು ಅದು, ಎಷ್ಟೋ ಬಡವರು ಅದರಿಂದ ಭೂಮಿ ಪಡೆದರು. ಆದರೆ ಇವತ್ತು ಬಾಯಿಮಾತಿನ ಮೇಲೆ ಪಾಲಿಗೆ ಮಾಡುವವಳಿಗೆ ಅದರ ನೆರಳೂ ಇಲ್ಲ. “ಕಲ್ಲ ಆರಿಸಬಾರದಿತ್ರಿ. ಕಲ್ಲ ಇದ್ದಿದ್ರ ಹೊಲ ನನ್ ಹತ್ರಾನೇ ಇರ್ತಿತ್ತು” ಎಂದಳು ಆಕೆ. ಭಜ್ಜಿ ಅಷ್ಟು ರುಚಿಯಾಗಿದ್ದರೂ ನನಗೆ ಗಂಟಲಲ್ಲಿ ಇಳಿಯಲಿಲ್ಲ.

ನೀವು ಪ್ರಪಂಚದ ಸುದ್ದಿ ಓದುವವರಾದರೆ ಕೇಳಿರುತ್ತೀರಿ. 2019ರ ಸೆಪ್ಟೆಂಬರಿನಲ್ಲಿ ದೆಹಲಿಯ ಹತ್ತಿರ ವಿಶ್ವಸಂಸ್ಥೆಯ ಮರುಭೂಮಿ ತಡೆಯುವ ಸಮ್ಮೇಳನ ನಡೆದಾಗ, ಹಾಳಾದ ನೆಲವನ್ನು ಸರಿಮಾಡುವ ಕೆಲಸದಲ್ಲಿ ಜಮೀನಿನ ಹಕ್ಕು ಭದ್ರವಾಗಿರಬೇಕೆಂದು ದೇಶಗಳೆಲ್ಲ ಒಪ್ಪಿದವು. 2030ರೊಳಗೆ 2 ಕೋಟಿ 60 ಲಕ್ಷ ಹೆಕ್ಟೇರ್ ನೆಲ ಸರಿಮಾಡುತ್ತೇವೆಂದು ನಮ್ಮ ದೇಶ ಮಾತು ಕೊಟ್ಟಿತು. 2023ರ ಜೂನ್ 17ರ ಮರುಭೂಮಿ ತಡೆ ದಿನಕ್ಕೆ ‘ಅವಳ ನೆಲ, ಅವಳ ಹಕ್ಕು’ ಎಂಬರ್ಥದ ಘೋಷಣೆಯನ್ನೇ ಇಟ್ಟಿದ್ದರು. 2015–16ರ ಕೃಷಿ ಗಣತಿಯಂತೆ ದೇಶದಲ್ಲಿ ನೂರು ಹಿಡುವಳಿದಾರರಲ್ಲಿ ಹೆಂಗಸರು ಸುಮಾರು 14. ಹೊಲದಲ್ಲಿ ಬಗ್ಗಿರುವ ಬೆನ್ನುಗಳನ್ನು ಎಣಿಸಿದರೆ ಈ ಲೆಕ್ಕ ಬರುತ್ತದೆಯೇ?

ಕೈಗೂಡಿದ ಉದಾಹರಣೆಗೂ ದೂರ ಹೋಗಬೇಕಿಲ್ಲ. ಬೀದರಿನಿಂದ ಸುಮಾರು 30 ಕಿ.ಮೀ. ಆಚೆ, ತೆಲಂಗಾಣದ ಜಹೀರಾಬಾದ್ ಬಳಿ ಪಸ್ತಾಪುರದಲ್ಲಿ 1983ರಿಂದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಇದೆ. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನವರು, 2023ರಲ್ಲಿ ತೀರಿಕೊಂಡರು. ಅಲ್ಲಿ ದಲಿತ ಹೆಂಗಸರು ಸಂಘ ಕಟ್ಟಿಕೊಂಡು, ಯಾರಿಗೂ ಬೇಡವಾದ ಬೀಳುನೆಲವನ್ನು ಒಟ್ಟಾಗಿ ಹಿಡಿದು ಸಜ್ಜೆ, ಜೋಳ, ನವಣೆ, ತೊಗರಿಯೆಲ್ಲ ಬೆರೆಸಿ ಬಿತ್ತಿದರು. ಧಾನ್ಯ ನಿಧಿ, ಬೀಜ ನಿಧಿ ಮಾಡಿದರು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಇವರಿಗೆ ಬಂತು. ಒಬ್ಬಳಾದರೆ ಬಿಡಿಸಿಬಿಡಬಹುದು, ಇಪ್ಪತ್ತು ಜನರನ್ನು ಹೊಲ ಬಿಡಿಸುವುದು ಸುಲಭವಲ್ಲ.

ಅವತ್ತು ರಾತ್ರಿ ಬೀದರಿಗೆ ಮರಳಿ, ಊಟವಾದ ಮೇಲೆ ನನ್ನ ಪ್ಲಾಸ್ಟಿಕ್ ಕವರ್ ತೆಗೆದೆ. ನಾದಿನಿಯ ಯಜಮಾನರು ಕನ್ನಡಕ ಹಾಕಿಕೊಂಡು ಓದಿದರು. “ಇದು ಪಿತ್ರಾರ್ಜಿತವಾ?” ಎಂದರು. ಹೌದು, ನಮ್ಮ ತಾತನಿಂದ ಬಂದದ್ದು ಎಂದೆ. ಆಮೇಲೆ ಅವರು ಬಿಡಿಸಿ ಹೇಳಿದ್ದನ್ನು ನಿಮಗೂ ಹೇಳುತ್ತೇನೆ, ಯಾಕೆಂದರೆ ಹೈಸ್ಕೂಲು ಓದಿದ ನನಗೂ ಇದು ಗೊತ್ತಿರಲಿಲ್ಲ. ನಮ್ಮ ರಾಜ್ಯದಲ್ಲಿ 1994ರ ಜುಲೈ 30ರಿಂದಲೇ, ಆ ಹೊತ್ತಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ಕಾನೂನು, ಮದುವೆಯಾದವರು ಆಗದವರು ಎಂಬ ಭೇದವನ್ನೂ ತೆಗೆಯಿತು. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ನೋಂದಣಿಯಾಗಿ ಪಾಲಾಗಿದ್ದರೆ ಮಾತ್ರ ಅದನ್ನು ಮುಟ್ಟುವಂತಿಲ್ಲ. ಈ ಹಕ್ಕು ಹುಟ್ಟಿನಿಂದಲೇ ಬರುವುದು, 2005ರಲ್ಲಿ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ವಿಧವೆಗಂತೂ 1956ರ ಕಾಯ್ದೆಯಲ್ಲೇ ಗಂಡನ ಪಾಲಿನಲ್ಲಿ ಮಕ್ಕಳ ಸಮಕ್ಕೆ ಹಕ್ಕಿದೆ.

“ಅತ್ತಿಗೆ, ಸಹಿ ಹಾಕುವುದು ಬಿಡುವುದು ನಿಮ್ಮಿಷ್ಟ. ಆದರೆ ಒಮ್ಮೆ ನೋಂದಣಿಯಾದ ಮೇಲೆ ಹಿಂದಕ್ಕೆ ಬರುವುದು ಕಷ್ಟ. ಇನ್ನೊಂದು ವಿಷಯ, ಇದರಲ್ಲಿ ನಿಮ್ಮ ತಾಯಿಯ ಹೆಸರೂ ಇದೆ, ನೋಡಿದಿರಾ?” ಎಂದರು.

ನಾನು ನೋಡಿರಲಿಲ್ಲ. ಎರಡನೇ ಪುಟದ ಕೆಳಗೆ ಹಕ್ಕು ಬಿಟ್ಟುಕೊಡುವವರ ಪಟ್ಟಿಯಲ್ಲಿ ಒಂದನೆಯವಳು ಅವ್ವ, ಎರಡನೆಯವಳು ನಾನು. ನನ್ನ ಪಾಲು ಬಿಡಲು ನಾನು ತಯಾರಾಗಿದ್ದೆ. ಆದರೆ ಆ ಹೊಲದ ಬದುವಿನ ಬೇವಿನ ಮರಗಳನ್ನೆಲ್ಲ ಸೊಂಟದ ಮೇಲೆ ಕೊಡ ಇಟ್ಟು ನೀರು ಹಾಕಿ ಬೆಳೆಸಿದವಳು ಅವ್ವ. ನನಗೆ ಏಳೆಂಟು ವರ್ಷವಿದ್ದಾಗ ಹಿಂದೆ ಹಿಂದೆ ಚೊಂಬು ಹಿಡಿದು ನಾನೂ ಹೋಗುತ್ತಿದ್ದೆ.

ಊರಿಗೆ ಬಂದು ಅವ್ವನಿಗೆ ಹೇಳಿದೆ. “ಇವತ್ತೋ ನಾಳೆಯೋ ಹೋಗಾಕಿ ನಾನು, ನನ್ನ ಹೆಸರು ಕಟ್ಕೊಂಡು ಏನ್ಮಾಡ್ತೀಯೇ? ಅಣ್ಣ ತಂಗಿ ಚೆನ್ನಾಗಿರ್ರಿ” ಎಂದಳು. ನಾನು ಒತ್ತಾಯ ಮಾಡಲಿಲ್ಲ. ನಾಲ್ಕು ದಿನ ಬಿಟ್ಟು ಅವಳೇ ಪಕ್ಕದ ಮನೆ ಹುಡುಗನ ಕೈಲಿ ಫೋನು ಮಾಡಿಸಿ, ಅದೂ ಇದೂ ಮಾತಾಡಿ, ಇಡುವ ಹೊತ್ತಿಗೆ ಮೆಲ್ಲಗೆ ಕೇಳಿದಳು, “ಅದೇ... ಆ ಪಹಣಿಯಾಗೆ ನನ್ನ ಹೆಸರೂ ಬರಸ್ಬೋದಂತಾ?”

ಪೌತಿ ಖಾತೆಗೆ ಅವ್ವ, ಅಣ್ಣ, ನಾನು ಮೂವರ ಹೆಸರಿನಲ್ಲಿ ಅರ್ಜಿ ಕೊಟ್ಟೆವು. ಸಾಗುವಳಿ ಅಣ್ಣನದೇ, ಬೆಳೆಯಲ್ಲಿ ನಾನೊಂದು ಸೇರು ಜೋಳವನ್ನೂ ಕೇಳುವುದಿಲ್ಲ ಎಂದು ಎಲ್ಲರೆದುರು ಹೇಳಿದ್ದೇನೆ. ಒಡ್ಡಿನ ಕೆಲಸಕ್ಕೆ ಬೇಕಾದ ಸಹಿಗೆ ಯಾವಾಗ ಕರೆದರೂ ಬರುತ್ತೇನೆ ಎಂದೂ ಹೇಳಿದ್ದೇನೆ. ಆದರೂ ಅಣ್ಣ ಸರಿಯಾಗಿ ಮಾತಾಡುತ್ತಿಲ್ಲ. ಆ ಸಲದ ಯುಗಾದಿಗೆ ಬೇವು ಬೆಲ್ಲ ತಿಂದು, ಊಟಕ್ಕೆ ನಿಲ್ಲದೆ ಹೋದ. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅತ್ತಿಗೆ ಮಾತ್ರ ಮೊನ್ನೆ ಅವನು ಮನೆಯಲ್ಲಿಲ್ಲದಾಗ ಫೋನು ಮಾಡಿದ್ದರು. ಬೀದರಿನ ಭಜ್ಜಿಗೆ ಕಡಲೆಹಿಟ್ಟು ಎಷ್ಟು ಹಾಕಬೇಕು ಎಂದು ಕೇಳಿದರು. ಆರು ಜನಕ್ಕೆ ಒಂದು ಬಟ್ಟಲು ಸಾಕು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ತವರಿನ ಜಮೀನಿನ ಪಹಣಿ ತೆಗೆಸಬೇಕಾದರೆ ಸರ್ವೆ ನಂಬರ್ ಗೊತ್ತಿರಲೇಬೇಕಾ ಎಂದರು.